ಗಂಡಭೇರುಂಡ: ಲಾಂಛನಕ್ಕಿಂತ ಹಿಂದಿನ ಹಕ್ಕಿ

ಮುಧೋಳ, ಜಮಖಂಡಿಗಳ ನಮ್ಮ ವಿದ್ಯಾರ್ಥಿಗಳಿಗೆ ಗಂಡಭೇರುಂಡವು ಸರ್ಕಾರಿ ಪತ್ರಗಳ ಮೇಲಿನ ಲಾಂಛನವಾಗಿಯೇ ಪರಿಚಿತ. ಘೋರ್ಪಡೆ, ಪಟವರ್ಧನ ಮನೆತನಗಳು ಆಳಿದ ಈ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡು, 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದವು. ಒಡೆಯರ ಲಾಂಛನ ಆಗ ನಮ್ಮದೂ ಆಯಿತು. ಹಾಗಾದರೆ ಈ ಎರಡು ತಲೆಯ ಹಕ್ಕಿ ನಮಗೆ ಹೊರಗಿನದೇ? ಶಾಸನ, ಸಾಹಿತ್ಯಗಳ ಸಾಕ್ಷ್ಯ ಬೇರೆ.

ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ 1047ರ ಗಂಡಭೇರುಂಡ ಸ್ತಂಭವಿದೆ. ಮನುಷ್ಯದೇಹಕ್ಕೆ ಎರಡು ಹಕ್ಕಿತಲೆಗಳುಳ್ಳ ಶಿಲ್ಪ ಅದರದು. ಅದನ್ನು ನಿಲ್ಲಿಸಿದವನು ಕಲ್ಯಾಣ ಚಾಲುಕ್ಯರ ಮಾಂಡಲಿಕ ಚಾಮುಂಡರಾಯರಸ. ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯನೇ ಈತನೆಂದು ಭ್ರಮಿಸಬಾರದು; ಆತ ಹಿಂದಿನ ಶತಮಾನದ ಗಂಗಮಂತ್ರಿ. ಮುಧೋಳದ ರನ್ನನಿಗೆ ಆಶ್ರಯವಿತ್ತುದೂ ಇದೇ ಚಾಲುಕ್ಯ ವಂಶ. ಅಂದಮೇಲೆ ಮೈಸೂರಿಗಿಂತ ಶತಮಾನಗಳ ಮೊದಲೇ ಈ ಹಕ್ಕಿ ಚಾಲುಕ್ಯರ ನಾಡಿನಲ್ಲಿ ನೆಲೆಸಿತ್ತು.

ಪದದ ಚರಿತ್ರೆ ಇನ್ನೂ ಹಿಂದಿನದು. ಪ್ರಾಕೃತದಲ್ಲಿ ಭಾರುಂಡ, ಸಂಸ್ಕೃತದಲ್ಲಿ ಭಾರುಂಡ, ಭೇರುಂಡ ಎಂಬ ರೂಪಗಳಿವೆ. ‘ಭೇರುಂಡ’ಕ್ಕೆ ಭಯಂಕರ ಎಂಬ ಅರ್ಥವೂ ಉಂಟು. ಕನ್ನಡದ ‘ಗಂಡ’, ಅಂದರೆ ವೀರ, ಇದಕ್ಕೆ ಸೇರಿದಾಗ ಹಕ್ಕಿಯ ಹೆಸರು ಪರಾಕ್ರಮದ ಸಂಕೇತವಾಯಿತು.

ಜೈನ ವಾಙ್ಮಯದಲ್ಲಿ ಮಾತ್ರ ಇದರ ನಡೆ ಬೇರೆ. ಉತ್ತರಾಧ್ಯಯನ ಸೂತ್ರವು ಮುನಿಯು ಭಾರುಂಡ ಪಕ್ಷಿಯಂತೆ ಅಪ್ರಮತ್ತನಾಗಿ ಚರಿಸಬೇಕೆನ್ನುತ್ತದೆ. ಒಂದೇ ಒಡಲಿಗೆ ಎರಡು ಕೊರಳು. ಒಂದು ಮೈಮರೆತರೂ ಎರಡಕ್ಕೂ ಸಾವು. ಪಂಚತಂತ್ರದ ಭಾರುಂಡ ಸತ್ತುದು ಹೀಗೆಯೇ: ಒಂದು ಬಾಯಿ ಅಮೃತಫಲವನ್ನು ಹಂಚಿಕೊಳ್ಳಲಿಲ್ಲ, ಮುನಿದ ಇನ್ನೊಂದು ವಿಷವನ್ನು ತಿಂದಿತು.

ಜಿನಸೇನರು 783ರಲ್ಲಿ ಮುಗಿಸಿದ ಹರಿವಂಶಪುರಾಣದ ಚಾರುದತ್ತನ ಕಥೆಯಲ್ಲಿ ಭೇರುಂಡವು ಮನುಷ್ಯರನ್ನು ಹೊತ್ತೊಯ್ಯುವ ಮಹಾಪಕ್ಷಿ. ರತ್ನದ್ವೀಪವನ್ನು ತಲುಪಲು ಆಡನ್ನು ಕೊಂದು, ಅದರ ತೊಗಲೊಳಗೆ ಅಡಗಬೇಕು; ಮಾಂಸವೆಂದು ಬಗೆದು ಹಕ್ಕಿ ಎತ್ತಿಕೊಂಡು ಹೋಗುತ್ತದೆ. ಚಾರುದತ್ತ ಕೊಲೆಗೆ ಒಪ್ಪುವುದಿಲ್ಲ. ಜೊತೆಗಾರ ರುದ್ರದತ್ತ ಕೊಲ್ಲುತ್ತಾನೆ. ಚಾರುದತ್ತ ಸಾಯುತ್ತಿರುವ ಆಡಿಗೆ ಪಂಚನಮಸ್ಕಾರವನ್ನು ಕೇಳಿಸುತ್ತಾನೆ. ಆಡು ದೇವನಾಗಿ ಹುಟ್ಟಿ ಅವನನ್ನೇ ವಂದಿಸುತ್ತದೆ. ಇಲ್ಲಿ ಕವಿಯ ಗಮನ ಹಕ್ಕಿಯ ಬಲದ ಮೇಲಿಲ್ಲ, ಆ ಆಡಿನ ಮೇಲಿದೆ.

ಅರಸರು ಈ ಹಕ್ಕಿಯಲ್ಲಿ ಬಲವನ್ನು ಕಂಡರು, ಮುನಿಗಳು ಎಚ್ಚರವನ್ನು. ಲಾಂಛನದಲ್ಲಿ ಉಳಿದುದು ಮೊದಲನೆಯದು. ಎರಡನೆಯದನ್ನು ಉಳಿಸಿಕೊಳ್ಳುವ ಹೊಣೆ ಸಾಹಿತ್ಯವನ್ನು ಓದುವ ನಮ್ಮದು.