ಕುದುರೆಯ ಜೂಜು: ಬೇಲಿಯ ಒಳಗೂ ಹೊರಗೂ

ಜೂಜೆಂದೊಡನೆ ನಮ್ಮ ಜನರಿಗೆ ಧರ್ಮರಾಯನ ಪಗಡೆಯು ನೆನಪಿಗೆ ಬರುವುದು ಸಹಜವೇ. ಆದರೆ ನಮ್ಮ ಸ್ಮೃತಿಕಾರರು ಜೂಜೆಲ್ಲವೂ ಒಂದೇ ಎಂದು ತಿಳಿದವರಲ್ಲ. ದಾಳ ಮೊದಲಾದ ಪ್ರಾಣವಿಲ್ಲದ ವಸ್ತುಗಳಿಂದ ಆಡುವುದು ದ್ಯೂತವೆಂದೂ, ಪ್ರಾಣಿಗಳನ್ನು ಮುಂದಿಟ್ಟು ಪಣವೊಡ್ಡುವುದು ಸಮಾಹ್ವಯವೆಂದೂ ಮನುವು ಎರಡು ಹೆಸರುಗಳನ್ನು ಕೊಟ್ಟಿದ್ದಾನೆ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ನಡೆಯುವ ಕುದುರೆಯ ಜೂಜು ಈ ಎರಡನೆಯ ಜಾತಿಗೆ ಸೇರಿದ್ದು.

ಮನುವು ಎರಡನ್ನೂ ರಾಜ್ಯದಿಂದ ಹೊರದೂಡಬೇಕೆಂದನು. ಯಾಜ್ಞವಲ್ಕ್ಯನು ಲೋಕವನ್ನು ಹೆಚ್ಚು ಕಂಡವನೆಂದು ತೋರುತ್ತದೆ. ಜೂಜು ಹೇಗೂ ನಿಲ್ಲುವಂತಹದಲ್ಲವಾದ್ದರಿಂದ ಅದು ಒಂದೇ ಸ್ಥಳದಲ್ಲಿ, ಒಬ್ಬ ಅಧಿಕಾರಿಯ ಕಣ್ಣ ಮುಂದೆ ನಡೆಯಲಿ, ಹಾಗಾದರೆ ಕಳ್ಳರ ಪತ್ತೆಯೂ ಸುಲಭವಾಗುವುದು ಎಂಬುದು ಅವನ ಮತ. ಆಟದ ಮನೆಯನ್ನು ನಡೆಯಿಸುವ ಸಭಿಕನು ದೊಡ್ಡ ಪಣವನ್ನು ಗೆದ್ದವನಿಂದ ನೂರಕ್ಕೆ 5ನ್ನೂ, ಇತರರಿಂದ ನೂರಕ್ಕೆ 10ನ್ನೂ ತೆಗೆದುಕೊಂಡು, ಅದರಲ್ಲಿ ರಾಜನಿಗೆ ಒಪ್ಪಿದ ಭಾಗವನ್ನು ಸಲ್ಲಿಸಿ, ಗೆದ್ದವನಿಗೆ ಹಣವನ್ನು ಕೊಡಿಸತಕ್ಕದ್ದು. ಸಮಾಹ್ವಯಕ್ಕೂ ಇದೇ ವಿಧಿ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದವನು, ನಮ್ಮ ನಾಡಿನವನು. ಆಂಗ್ಲರ ದೇಶದಲ್ಲಿ ಇದೇ ವಿಚಾರವು ಎಂಟುನೂರು ವರ್ಷಗಳ ತರುವಾಯ ಹೊಸದೆಂಬಂತೆ ಚರ್ಚೆಗೆ ಬಂದಿತು.

ಆ ದೇಶದ ಕಥೆಯನ್ನು ಕೊಂಚ ಕೇಳಬೇಕು. ಎಪ್ಸಮ್ ಎಂಬಲ್ಲಿ ಡರ್ಬಿ ಎಂಬ ಪ್ರಸಿದ್ಧ ಪಂದ್ಯವು 1780ರಲ್ಲಿ ಆರಂಭವಾಯಿತು. ಪಂದ್ಯವು ಶ್ರೀಮಂತರದು, ಪಣದ ಚಪಲವು ಸರ್ವರದು. 1853ರ ಕಾನೂನು ಪಣ ಕಟ್ಟಿಸಿಕೊಳ್ಳುವ ಮನೆಗಳನ್ನು ಮುಚ್ಚಿಸಿತು. 1906ರ ಕಾನೂನು ಬೀದಿಯಲ್ಲಿ ಪಣ ಕಟ್ಟುವುದನ್ನು ಅಪರಾಧವೆಂದು ಸಾರಿತು. ಆದರೆ ಬುಕ್‌ಮೇಕರನಲ್ಲಿ ಸಾಲದ ಖಾತೆಯಿದ್ದ ಧನಿಕನು ಮನೆಯಲ್ಲಿಯೇ ಕುಳಿತು ತಂತಿಯ ಮೂಲಕ ಸಾವಿರ ಪೌಂಡು ಕಟ್ಟಿದರೂ ಕೇಳುವವರಿಲ್ಲ. ಕೂಲಿಕಾರನು ಬೀದಿಯ ಮೂಲೆಯಲ್ಲಿ ಒಂದು ಷಿಲಿಂಗು ಕೊಟ್ಟರೆ ಪೊಲೀಸಿನವನು ಬರುವನು. ಇದನ್ನು ನ್ಯಾಯವೆಂದು ಕರೆಯಲು ನನಗೆ ನಾಲಗೆಯೇಳದು.

ಹೀಗಿರುವಾಗ ರೇಡಿಯೋ ಬಂದಿತು. ವೃತ್ತಪತ್ರಿಕೆಗಳವರಿಗೆ ಅದರ ಮೇಲೆ ಹೊಟ್ಟೆಕಿಚ್ಚು. ಫಲಿತಾಂಶವನ್ನು ರೇಡಿಯೋ ಮೊದಲೇ ಹೇಳಿಬಿಟ್ಟರೆ ಪತ್ರಿಕೆಯನ್ನು ಕೊಳ್ಳುವವರಾರು? ಅದಕ್ಕಾಗಿ 1926ರ ಡರ್ಬಿಯಲ್ಲಿ ಕುದುರೆಗಳ ಗೊರಸಿನ ಸದ್ದನ್ನೂ ಜನರ ಗದ್ದಲವನ್ನೂ ಮಾತ್ರ ಕೇಳಿಸಬಹುದು, ವಿವರಣೆ ಕೂಡದು ಎಂದು ಕಟ್ಟಳೆಯಾಯಿತು. ಆ ದಿನ ಮಳೆ ಹೊಯ್ದು ನೆಲವೆಲ್ಲ ಕೆಸರಾಗಿ ಗೊರಸಿನ ಸದ್ದೂ ಕೇಳಿಸದೆ ಹೋಯಿತಂತೆ! ಮರುವರ್ಷ, 1927ನೆಯ ಮಾರ್ಚ್ 25ರಂದು, ಲಿವರ್‌ಪೂಲಿನ ಬಳಿಯ ಏಂಟ್ರಿಯ ಗ್ರ್ಯಾಂಡ್ ನ್ಯಾಷನಲ್ ಪಂದ್ಯವನ್ನು ಮೇರಿಕ್ ಗುಡ್ ಎಂಬ ಪತ್ರಕರ್ತನು ಕಂಡಂತೆ ಕಂಡಂತೆ ಬಿ.ಬಿ.ಸಿ.ಯಲ್ಲಿ ವಿವರಿಸಿದನು. ಗೆದ್ದ ಕುದುರೆ ಸ್ಪ್ರಿಗ್. ಧೃತರಾಷ್ಟ್ರನಿಗೆ ಒಬ್ಬನೇ ಸಂಜಯನಿದ್ದನು. ಅಂದಿನಿಂದ ಮನೆಮನೆಗೂ ಒಬ್ಬ ಸಂಜಯನಾದನು.

ವೀಕ್ಷಕ ವಿವರಣೆಯೆಂಬುದು ಸುಲಭವಾದ ವಿದ್ಯೆಯಲ್ಲ. ಮೂವತ್ತು ನಲವತ್ತು ಕುದುರೆಗಳು ಒಟ್ಟಿಗೆ ನುಗ್ಗುವಾಗ ಇದು ಯಾವುದು, ಅದು ಯಾವುದು ಎಂದು ಕ್ಷಣಮಾತ್ರದಲ್ಲಿ ಗುರುತಿಸಿ ಹೇಳಬೇಕು. ಸವಾರನ ಅಂಗಿಯ ಬಣ್ಣವೇ ಇದಕ್ಕೆ ಆಧಾರ. ಒಬ್ಬೊಬ್ಬ ಒಡೆಯನಿಗೆ ಒಂದೊಂದು ಬಣ್ಣವಿರಬೇಕೆಂಬ ಏರ್ಪಾಡು ನ್ಯೂಮಾರ್ಕೆಟ್ಟಿನಲ್ಲಿ 1762ರಿಂದಲೂ ಉಂಟು. ಆ ಅಂಗಿಗಳಿಗೆ ಇಂಗ್ಲಿಷಿನಲ್ಲಿ ರೇಷ್ಮೆಗಳೆಂದೇ ಹೆಸರು. ಕೊಳ್ಳೇಗಾಲದವರಾದ ನಮಗೆ ಈ ಮಾತು ರುಚಿಸದಿರದು. ಪೀಟರ್ ಒಸಲಿವನ್ ಎಂಬಾತನು ಈ ವಿದ್ಯೆಯಿಂದ ಐವತ್ತು ವರ್ಷ ಬಿ.ಬಿ.ಸಿ.ಯಲ್ಲಿ ಖ್ಯಾತನಾಗಿ 1997ರಲ್ಲಿ ನಿವೃತ್ತನಾದನು.

ಧ್ವನಿಯು ಬೇಲಿಯನ್ನು ದಾಟಿದ ಮೇಲೆ ಪಣವು ದಾಟದೆ ಇದ್ದೀತೆ? 1928ರಲ್ಲಿ ಬ್ರಿಟನ್ನಿನ ಸರ್ಕಾರವು ಮೈದಾನದೊಳಗೆ ಟೋಟಲೈಸೇಟರ್ ಎಂಬ ಯಂತ್ರಕ್ಕೆ ಕಾನೂನಿನ ಒಪ್ಪಿಗೆಯಿತ್ತಿತು. ಹೊರಗಿನವರಿಗೆ 1961ನೆಯ ಮೇ 1ರಿಂದ ಲೈಸೆನ್ಸಿನ ಅಂಗಡಿಗಳು ತೆರೆದುವು. ಅಲ್ಲಿ ವಿವರಣೆಯನ್ನು ಧ್ವನಿಯಂತ್ರದಿಂದ ಕೇಳಿಸಬಹುದಾಗಿದ್ದಿತು. ಟೆಲಿವಿಷನ್ನಿಗೆ ಮಾತ್ರ 1986ರವರೆಗೂ ಅನುಮತಿಯಿರಲಿಲ್ಲ. ಅಂಗಡಿಯು ಆಕರ್ಷಕವಾಗಿರಕೂಡದೆಂಬುದೇ ಕಾರಣ.

ಟೋಟಲೈಸೇಟರಿನ ಲೆಕ್ಕವನ್ನು ವಾಚಕರು ತಿಳಿದಿರುವುದು ಮೇಲು. ಎಲ್ಲರೂ ಕಟ್ಟಿದ ಹಣವು ಒಂದೇ ರಾಶಿಯಾಗುವುದು. ಉದಾಹರಣೆಗೆ ರಾಶಿಯು 10,000 ರೂಪಾಯಿ ಎನ್ನೋಣ. ತೆರಿಗೆಗೂ ಖರ್ಚಿಗೂ ಐದರಲ್ಲೊಂದು ಪಾಲು ಹೋದರೆ ಉಳಿದ 8,000 ಗೆದ್ದ ಕುದುರೆಯ ಮೇಲೆ ಕಟ್ಟಿದವರಿಗೆ ಹಂಚಿಕೆಯಾಗುವುದು. ಆ ಕುದುರೆಯ ಮೇಲೆ ಬಿದ್ದದ್ದು 2,000 ಆದರೆ ರೂಪಾಯಿಗೆ ನಾಲ್ಕು. ಕೇಳುವುದಕ್ಕೆ ಸೊಗಸು. ಆದರೆ ಅದೇ ಜನರು ಕೈಗೆ ಬಂದುದನ್ನೆಲ್ಲ ಮುಂದಿನ ಪಂದ್ಯಕ್ಕೆ ಸುರಿಯುತ್ತ ಹೋದರೆ, ಆರನೆಯ ಪಂದ್ಯವು ಮುಗಿಯುವ ಹೊತ್ತಿಗೆ ಅವರೆಲ್ಲರ ಕೈಯಲ್ಲಿ ಒಟ್ಟಿಗೆ ಉಳಿಯುವುದು ಸುಮಾರು 2,621 ರೂಪಾಯಿ. ಯಾವ ಕುದುರೆ ಗೆದ್ದರೂ ಈ ಲೆಕ್ಕವು ಬದಲಾಗದು. ಏಳನೆಯ ತರಗತಿಯ ಹುಡುಗನೂ ಇದನ್ನು ಮಾಡಬಲ್ಲನು, ಮಾಡಿಸುವವರು ಕಡಮೆ.

ಇನ್ನು ನಮ್ಮ ಸೀಮೆಯ ವಿಚಾರ. ಮೈಸೂರಿನ ರೇಸ್ ಕ್ಲಬ್ಬು 1891ರಲ್ಲಿ ಹುಟ್ಟಿತು. ಆಗ ಕೊಳ್ಳೇಗಾಲವು ಮದ್ರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರಾಗಿ ಮೈಸೂರಿನಲ್ಲಿದ್ದಿತು. 1956ನೆಯ ನವೆಂಬರ್ 1ರವರೆಗೂ ಇಲ್ಲಿನ ಜೂಜುಗಾರನಿಗೆ ಒಂದು ಕಾನೂನು, ಅರ್ಧ ಗಂಟೆಯ ದಾರಿಯ ಆಚೆಯವನಿಗೆ ಇನ್ನೊಂದು. ಮೈಸೂರಿನಲ್ಲಿ 1952ರ ಲೈಸೆನ್ಸ್ ಕಾನೂನು ಬಂದಿತು. ತರುವಾಯದ 1963ರ ಪೊಲೀಸ್ ಕಾನೂನು ಪಂದ್ಯದ ದಿನ, ಮೈದಾನದ ಗೊತ್ತಾದ ಆವರಣದೊಳಗೆ ಕಟ್ಟಿದ ಪಣವನ್ನು ಜೂಜಿನ ಲೆಕ್ಕದಿಂದ ಹೊರಗಿಟ್ಟಿತು. ಯಾಜ್ಞವಲ್ಕ್ಯನ ಒಂದೇ ಸ್ಥಳವೆಂಬ ನಿಯಮವೇ ಇದು.

ಆಕಾಶವಾಣಿಯೆಂಬ ಹೆಸರೂ ಮೈಸೂರಿನದೇ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಸ್ಥಾಪಿಸಿದ ಕೇಂದ್ರಕ್ಕೆ ಈ ಹೆಸರು ಸಂದಿತು. ಅವರು ಅದನ್ನು ಸಂಗೀತಕ್ಕೂ ಉಪನ್ಯಾಸಗಳಿಗೂ ಮೀಸಲಿಟ್ಟರು. ಈಗ ಒಂದು ಊರಿನ ಪಂದ್ಯವನ್ನು ಬೇರೊಂದು ಊರಿನ ಮೈದಾನದಲ್ಲಿ ಪರದೆಯ ಮೇಲೆ ನೋಡುತ್ತ ಪಣ ಕಟ್ಟುವ ಪದ್ಧತಿಯೂ ನಡೆದಿದೆ. ಕುದುರೆಯಿಲ್ಲದ ಕುದುರೆಯ ಮೈದಾನ!

ಇದು ಚಾತುರ್ಯವೋ ಅದೃಷ್ಟವೋ ಎಂಬ ಪ್ರಶ್ನೆ ಬಹುಕಾಲ ನ್ಯಾಯಸ್ಥಾನಗಳಲ್ಲಿ ಸುಳಿದಾಡಿತು. ಮದ್ರಾಸಿನ ಪಂದ್ಯಗಳ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ಇದು ಚಾತುರ್ಯದ ಆಟವೆಂದು ತೀರ್ಪಿತ್ತಿತು. ಕುದುರೆಯ ವಂಶ, ಸವಾರನ ನೈಪುಣ್ಯ, ಹೊರುವ ಭಾರ ಇವನ್ನು ತೂಗಿ ನೋಡಬಲ್ಲವನಿಗೆ ಚಾತುರ್ಯವೇ ಸರಿ. ನಳೋಪಾಖ್ಯಾನದಲ್ಲಿ ಋತುಪರ್ಣನು ಅಕ್ಷಹೃದಯವನ್ನು ಕೊಟ್ಟು, ನಳನಿಂದ ಅಶ್ವಹೃದಯವನ್ನು ಪಡೆಯಲೊಪ್ಪಿದನಷ್ಟೆ. ದಾಳದ ವಿದ್ಯೆ ಬೇರೆ, ಕುದುರೆಯ ವಿದ್ಯೆ ಬೇರೆ ಎಂಬುದು ವ್ಯಾಸರಿಗೂ ತಿಳಿದಿದ್ದಿತು. ಆದರೆ ಹನೂರಿನ ಕಡೆಯ ಬೇಸಾಯಗಾರನು ಯಾವ ಅಶ್ವಹೃದಯವನ್ನು ಬಲ್ಲನು?

ನಾನು ಉಪಾಧ್ಯಾಯನಾಗಿದ್ದಾಗ ನಮ್ಮ ಶಾಲೆಯ ಹುಡುಗನೊಬ್ಬನ ತಂದೆ ಕೊಳ್ಳೇಗಾಲದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಮಾರಿದ ಹಣದೊಂದಿಗೆ ಊರಿಗೆ ಹೋಗದೆ ಮೈಸೂರಿನ ಬಸ್ಸು ಹತ್ತುತ್ತಿದ್ದನು. ಕೆಲವು ವರ್ಷಗಳಲ್ಲಿ ಬಸ್ಸಿನ ಅಗತ್ಯವೂ ತಪ್ಪಿತು. ಒಂದು ಹೋಟೆಲಿನ ಹಿಂಭಾಗದಲ್ಲಿ ಟೆಲಿಫೋನಿನಿಂದ ಪಣ ಕಟ್ಟಿಸಿಕೊಳ್ಳುವವರು ಬಂದಿದ್ದರು. ಒಂದು ಶನಿವಾರ ಪೊಲೀಸರು ಅವನನ್ನು ಹಿಡಿದರು. ಅದೇ ಪಂದ್ಯಕ್ಕೆ ಅದೇ ಗಳಿಗೆಯಲ್ಲಿ ಬೇಲಿಯ ಒಳಗೆ ಹಣ ಕಟ್ಟಿದವರು ಮಾನವಂತರಾಗಿ ಮನೆಗೆ ಹೋದರು. ಅವನ ಹೆಂಡತಿ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, “ಮೇಷ್ಟ್ರೇ, ಅಲ್ಲಿ ಕಟ್ಟಿದರೆ ತಪ್ಪಲ್ಲವಂತೆ, ಇಲ್ಲಿ ಕಟ್ಟಿದರೆ ತಪ್ಪಂತೆ. ದುಡ್ಡು ಹೋಗುವುದು ಎರಡು ಕಡೆಯೂ ಒಂದೇ ಅಲ್ಲವೇ?” ಎಂದು ಕೇಳಿದಳು. ಮಿತಾಕ್ಷರೆಯನ್ನು ಓದಿದ್ದ ನಾನು ಸುಮ್ಮನಿದ್ದೆನು. ಹುಡುಗನು ಮರುವಾರದಿಂದ ನೂಲು ಬಿಚ್ಚುವ ಕೆಲಸಕ್ಕೆ ಹೋದನು. ಹಾಜರಿಯ ಪುಸ್ತಕದಲ್ಲಿ ಅವನ ಹೆಸರನ್ನು ಆ ವರ್ಷದ ಕೊನೆಯವರೆಗೂ ನಾನು ಹೊಡೆದುಹಾಕಲಿಲ್ಲ.