ಫೋಟೊ ಎಡಿಟಿಂಗ್ ಸಾಫ್ಟ್‌ವೇರ್ ಬದಲಿಸ್ತಿದ್ದೀರಾ? ಹಳೇ ಎಡಿಟ್ ಕಳೆದುಕೊಳ್ಳೋ ಮುಂಚೆ ಇದನ್ನು ಓದಿ

ನಾಲ್ಕೈದು ವರ್ಷದ ಹಿಂದಿನ ಮದುವೆಯ ಒಂದು ಫೋಟೊ ಬೇಕು ಅಂತ ಗಿರಾಕಿ ಬರೋದು ಯಾವ ಸ್ಟುಡಿಯೊಗೂ ಹೊಸದಲ್ಲ. ಎಷ್ಟೋ ಸಲ ಮನೆಯ ಹಿರಿಯರು ತೀರಿಕೊಂಡಿರುತ್ತಾರೆ. ತಿಥಿ ಕಾರ್ಡಿಗೋ, ಗೋಡೆ ಫ್ರೇಮಿಗೋ ಹಾಕೋವಂಥ ಅವರ ಒಳ್ಳೆಯ ಫೋಟೊ ಆ ಮದುವೆಯದ್ದೊಂದೇ ಇರುತ್ತೆ. ಹಾರ್ಡ್ ಡಿಸ್ಕ್ ಹುಡುಕಿದರೆ ಫೋಟೊ ಸಿಗುತ್ತೆ. ಆದರೆ ಬಣ್ಣ ಸರಿ ಮಾಡಿದ್ದು, ಮುಖದ ಮೇಲಿನ ನೆರಳು ತೆಗೆದಿದ್ದು, ಕ್ರಾಪ್ ಮಾಡಿದ್ದು ಯಾವುದೂ ಇಲ್ಲ. ಕ್ಯಾಮೆರಾದಿಂದ ಬಂದ ಹಾಗೇ ಇದೆ. ಕಾರಣ ಇಷ್ಟೇ: ನಡುವೆ ಸ್ಟುಡಿಯೊದವರು ಸಾಫ್ಟ್‌ವೇರ್ ಬದಲಿಸಿದ್ದಾರೆ.

ತಿಂಗಳ ಚಂದಾ ಹೊರೆ ಆಯ್ತು, ಕಂಪ್ಯೂಟರ್ ಹಳೇದಾಯ್ತು, ಕಂಪನಿಯೇ ಸಾಫ್ಟ್‌ವೇರ್ ನಿಲ್ಲಿಸಿತು ಅಂತ ಬದಲಾವಣೆ ಆಗ್ತಾನೇ ಇರುತ್ತೆ. ಬದಲಿಸೋದು ತಪ್ಪಲ್ಲ. ಆದರೆ ಹಳೇ ಸಾಫ್ಟ್‌ವೇರ್ ಇನ್ನೂ ಓಪನ್ ಆಗುತ್ತಿರುವಾಗಲೇ ಕೆಲವು ಕೆಲಸ ಮುಗಿಸಿಕೊಳ್ಳಬೇಕು. ಸ್ಟುಡಿಯೊ, ಡಿಟಿಪಿ ಸೆಂಟರ್, ಫ್ಲೆಕ್ಸ್ ಅಂಗಡಿಯವರಿಗೂ, ಮನೆಯಲ್ಲೇ ಫೋಟೊ ಎಡಿಟ್ ಮಾಡುವವರಿಗೂ ಬೇಕಾದ ಮಾಹಿತಿ ಇಲ್ಲಿದೆ.

ಫೋಟೊ ಬೇರೆ, ಎಡಿಟ್ ಬೇರೆ

ಲೈಟ್‌ರೂಮ್, ಕ್ಯಾಪ್ಚರ್ ಒನ್, ಡಾರ್ಕ್‌ಟೇಬಲ್ ಥರದ ಸಾಫ್ಟ್‌ವೇರ್‌ಗಳು ಮೂಲ ಫೋಟೊವನ್ನು ಮುಟ್ಟೋದಿಲ್ಲ. ಬೆಳಕು ಇಷ್ಟು ಏರಿಸು, ಇಲ್ಲಿ ಕತ್ತರಿಸು ಎಂಬ ಸೂಚನೆಗಳನ್ನು ಬೇರೆ ಕಡೆ ಬರೆದಿಟ್ಟುಕೊಳ್ಳುತ್ತವೆ. ಅಂಗಡಿಯಲ್ಲಿ ಸಾಮಾನು ಗೋಡೌನಿನಲ್ಲಿ, ಲೆಕ್ಕ ಪುಸ್ತಕದಲ್ಲಿ ಇರೋ ಹಾಗೆ. ಪುಸ್ತಕ ಕಳೆದರೆ ಸಾಮಾನು ಇದ್ದರೂ ಲೆಕ್ಕ ಹೋಯ್ತು.

ಇನ್ನೊಂದು ತೊಂದರೆ, ಒಂದು ಸಾಫ್ಟ್‌ವೇರ್ ಬರೆದ ಲೆಕ್ಕವನ್ನು ಇನ್ನೊಂದು ಪೂರ್ತಿ ಓದಲಾರದು. ಸ್ಟಾರ್ ರೇಟಿಂಗ್, ಕೀವರ್ಡ್, ಕ್ಯಾಪ್ಷನ್ ಸಾಮಾನ್ಯವಾಗಿ ದಾಟಿಕೊಂಡು ಬರುತ್ತವೆ. ಬಣ್ಣ, ಮಾಸ್ಕ್, ರೀಟಚಿಂಗ್ ಬಹುತೇಕ ಬರೋದಿಲ್ಲ, ಬಂದರೂ ಅದೇ ಥರ ಕಾಣೋದಿಲ್ಲ. ಹಾಗಾಗಿ ನಿಜವಾಗಿ ಉಳಿಯೋದು ಎಡಿಟ್ ಸೇರಿಸಿ ಹೊಸ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿಟ್ಟ ಫೋಟೊ ಮಾತ್ರ.

ಸಿ ಡ್ರೈವ್ ಫಾರ್ಮ್ಯಾಟ್ ಮಾಡಿಸೋ ಮುಂಚೆ

ಹೆಚ್ಚಿನ ನಷ್ಟ ಆಗೋದು ಇಲ್ಲೇ. ಕಂಪ್ಯೂಟರ್ ಸ್ಲೋ ಆಯ್ತು ಅಂತ ಸಿ ಡ್ರೈವ್ ಫಾರ್ಮ್ಯಾಟ್ ಮಾಡಿಸ್ತಾರೆ. ಫೋಟೊಗಳೆಲ್ಲ ಡಿ ಡ್ರೈವ್‌ನಲ್ಲಿ ಭದ್ರವಾಗಿರುತ್ತವೆ. ಆದರೆ ಲೈಟ್‌ರೂಮ್ ಕ್ಲಾಸಿಕ್‌ನ ಲೆಕ್ಕದ ಪುಸ್ತಕ, ಅಂದರೆ ಕ್ಯಾಟಲಾಗ್ ಫೈಲ್, ನಾವು ಬದಲಿಸದಿದ್ದರೆ ವಿಂಡೋಸ್‌ನ ಪಿಕ್ಚರ್ಸ್ ಫೋಲ್ಡರ್ ಒಳಗಿನ ಲೈಟ್‌ರೂಮ್ ಫೋಲ್ಡರ್‌ನಲ್ಲಿ ಕೂತಿರುತ್ತೆ. ಅದು ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ. ಫೈಲ್ ಹೆಸರಿನ ಕೊನೆಯಲ್ಲಿ ‘ಎಲ್‌ಆರ್‌ಕ್ಯಾಟ್’ ಅಂತ ಇರುತ್ತೆ. ಫಾರ್ಮ್ಯಾಟ್ ಮಾಡಿಸೋ ಮುಂಚೆ ಆ ಇಡೀ ಫೋಲ್ಡರ್ ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ. ಕಂಪ್ಯೂಟರ್ ರಿಪೇರಿಯವರಿಗೆ ಇದು ಗೊತ್ತಿರಬೇಕು ಅಂತೇನಿಲ್ಲ, ನೀವೇ ಹೇಳಬೇಕು.

ಲೈಟ್‌ರೂಮ್ ಬಿಡುವವರಿಗೆ

ಲೈಟ್‌ರೂಮ್ ಕ್ಲಾಸಿಕ್ ಚಂದಾ ಮುಗಿದ ಕೂಡಲೇ ಎಲ್ಲಾ ಬಂದ್ ಆಗೋದಿಲ್ಲ. ಡೆವಲಪ್ ಮತ್ತು ಮ್ಯಾಪ್ ಎಂಬ ಎರಡು ವಿಭಾಗ ನಿಲ್ಲುತ್ತವೆ. ಫೋಟೊ ನೋಡೋದು, ಹುಡುಕೋದು, ಎಡಿಟ್ ಸಮೇತ ಎಕ್ಸ್‌ಪೋರ್ಟ್ ಮಾಡೋದು ಆಮೇಲೂ ಆಗುತ್ತೆ. ಆದ್ದರಿಂದ ಅನ್‌ಇನ್‌ಸ್ಟಾಲ್ ಮಾಡಬೇಡಿ.

ಬಿಡೋ ಮುಂಚೆ ಗ್ರಿಡ್‌ನಲ್ಲಿ ಎಲ್ಲಾ ಫೋಟೊ ಸೆಲೆಕ್ಟ್ ಮಾಡಿ ಕಂಟ್ರೋಲ್ ಜೊತೆ ಎಸ್ ಒತ್ತಿ. ರಾ ಫೈಲ್‌ಗಳ ಪಕ್ಕದಲ್ಲೇ ಎಕ್ಸ್‌ಎಂಪಿ ಎಂಬ ಸಣ್ಣ ಫೈಲ್ ಹುಟ್ಟುತ್ತೆ, ಅದರಲ್ಲಿ ಎಡಿಟ್‌ನ ಸೂಚನೆಗಳು ಇರುತ್ತವೆ. ಅಡೋಬಿಯ ಕ್ಯಾಮೆರಾ ರಾ ಇದನ್ನು ಓದುತ್ತೆ. ಬೇರೆಯವರ ಸಾಫ್ಟ್‌ವೇರ್ ಸ್ವಲ್ಪ ಮಾತ್ರ ಓದಬಹುದು. ಆದರೆ ವರ್ಚುವಲ್ ಕಾಪಿ, ಕಲೆಕ್ಷನ್, ಎಡಿಟ್ ಹಿಸ್ಟರಿ ಇದರಲ್ಲಿ ಬರೋದಿಲ್ಲ, ಫ್ಲ್ಯಾಗ್ ಹಾಕಿದ್ದೂ ಬರದೇ ಇರಬಹುದು. ಆಲ್ಬಂಗೆ ಆರಿಸಿದ ಫೋಟೊಗಳನ್ನು ಫ್ಲ್ಯಾಗ್ ಹಾಕಿ ಗುರುತು ಮಾಡಿದ್ದರೆ, ಅವುಗಳಿಗೆ ಸ್ಟಾರ್ ಕೊಟ್ಟು ಆಮೇಲೆ ಸೇವ್ ಮಾಡಿ.

ಜೆಪೆಗ್ ಫೋಟೊ ಆಗಿದ್ದರೆ ಸೂಚನೆ ಅದೇ ಫೈಲ್ ಒಳಗೆ ಸೇರುತ್ತೆ. ಆದರೆ ಚಿತ್ರ ಬದಲಾಗೋದಿಲ್ಲ. ಬೇರೆ ಕಡೆ ತೆರೆದರೆ ಎಡಿಟ್ ಇಲ್ಲದ ಫೋಟೊನೇ ಕಾಣುತ್ತೆ. ಸೇವ್ ಮಾಡಿದ್ದೀವಲ್ಲ ಅಂತ ಮೋಸ ಹೋಗಬೇಡಿ, ಎಕ್ಸ್‌ಪೋರ್ಟ್ ಮಾಡಲೇಬೇಕು.

ಪಿಕಾಸಾ ಇನ್ನೂ ಇಟ್ಟುಕೊಂಡವರಿಗೆ

ಗೂಗಲ್ 2016ರಲ್ಲೇ ಪಿಕಾಸಾ ನಿಲ್ಲಿಸಿದೆ. ಮೊದಲೇ ಇನ್‌ಸ್ಟಾಲ್ ಆಗಿರೋ ಕಂಪ್ಯೂಟರ್‌ನಲ್ಲಿ ಅದು ಆಮೇಲೂ ಓಡ್ತಿತ್ತು, ಹಾಗಾಗಿ ಬಿಡದವರು ಇದ್ದಾರೆ. ಪಿಕಾಸಾದ ಎಡಿಟ್‌ಗಳು ಆಯಾ ಫೋಲ್ಡರ್‌ನಲ್ಲೇ ಪಿಕಾಸಾ ಡಾಟ್ ಐಎನ್‌ಐ ಎಂಬ ಕಾಣಿಸದ ಫೈಲ್‌ನಲ್ಲಿ ಇರುತ್ತವೆ. ಫೋಟೊ ಮಾತ್ರ ಆರಿಸಿ ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಅದು ಹಿಂದೆಯೇ ಉಳಿಯುತ್ತೆ. ಆ ಕಂಪ್ಯೂಟರ್ ಕೆಡೋ ಮುಂಚೆ ಪಿಕಾಸಾ ತೆರೆದು, ಒಂದೊಂದೇ ಫೋಲ್ಡರ್ ಅನ್ನು ಹೊಸ ಜಾಗಕ್ಕೆ ಎಕ್ಸ್‌ಪೋರ್ಟ್ ಮಾಡಿ.

ಫೋಟೊಶಾಪ್ ಆಲ್ಬಂ ಮತ್ತು ಕನ್ನಡ ಅಕ್ಷರ

ಫೋಟೊಶಾಪ್‌ನ ಪಿಎಸ್‌ಡಿ ಫೈಲನ್ನು ಗಿಂಪ್, ಅಫಿನಿಟಿ, ಬ್ರೌಸರ್‌ನಲ್ಲೇ ನಡೆಯುವ ಫೋಟೊಪಿಯಾ ತೆರೆಯುತ್ತವೆ. ಆದರೆ ಸ್ಮಾರ್ಟ್ ಆಬ್ಜೆಕ್ಟ್, ಲೇಯರ್ ಎಫೆಕ್ಟ್ ಥರದವು ಎಲ್ಲಾ ಕಡೆ ಒಂದೇ ರೀತಿ ಬರೋದಿಲ್ಲ. ಸೇವ್ ಮಾಡುವಾಗ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಕೇಳಿದರೆ ಓಕೆ ಕೊಡಿ. ಲೇಯರ್ ಜೊತೆಗೆ ಪೂರ್ತಿ ಚಿತ್ರದ ಒಂದು ಪ್ರತಿಯೂ ಫೈಲ್ ಒಳಗೆ ಇರುತ್ತೆ.

ನಮ್ಮ ಕಡೆ ಇದಕ್ಕಿಂತ ದೊಡ್ಡ ತಲೆನೋವು ಅಕ್ಷರದ್ದು. ವಧು-ವರರ ಹೆಸರು, ಊರು, ತಾರೀಖನ್ನು ನುಡಿ ಅಥವಾ ಬರಹದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬರುತ್ತವೆ. ಎರಡು ಕೆಲಸ ಮಾಡಿ. ಬಳಸಿದ ಫಾಂಟ್‌ಗಳನ್ನೆಲ್ಲ ಒಂದು ಫೋಲ್ಡರ್‌ಗೆ ಹಾಕಿ ಆಲ್ಬಂ ಜೊತೆ ಇಡಿ. ಜೊತೆಗೆ ಪ್ರತಿ ಶೀಟಿನ ಒಂದು ಪ್ರತಿಯನ್ನು ಫ್ಲ್ಯಾಟ್ ಮಾಡಿ ಪೂರ್ಣ ಗಾತ್ರದಲ್ಲಿ ಉಳಿಸಿ. 12x36 ಶೀಟ್ 300 ಡಿಪಿಐನಲ್ಲಿ 3600x10800 ಪಿಕ್ಸೆಲ್ ಇರಬೇಕು.

ಜೆಪೆಗ್ ಸಾಕಾ, ಟಿಫ್ ಬೇಕಾ?

ಮತ್ತೆ ಪ್ರಿಂಟ್ ಹಾಕೋದಷ್ಟೇ ಆದರೆ ಒಳ್ಳೆ ಕ್ವಾಲಿಟಿಯ ಜೆಪೆಗ್ ಸಾಕು. ಮುಂದೆ ಬಣ್ಣ ತಿದ್ದೋ ಕೆಲಸ ಇದ್ದರೆ 16 ಬಿಟ್ ಟಿಫ್ ಉತ್ತಮ. ಆದರೆ ಜಾಗ ಲೆಕ್ಕ ಹಾಕಿ. 24 ಮೆಗಾಪಿಕ್ಸೆಲ್‌ನ ಒಂದು ಫೋಟೊ ಕಂಪ್ರೆಸ್ ಮಾಡದ 16 ಬಿಟ್ ಟಿಫ್‌ನಲ್ಲಿ ಸುಮಾರು 144 ಎಂಬಿ ಆಗುತ್ತೆ. ಸಾವಿರ ಫೋಟೊಗೆ 144 ಜಿಬಿ. ಆದ್ದರಿಂದ ಎಲ್ಲಾ ಫೋಟೊ ಜೆಪೆಗ್‌ನಲ್ಲಿ, ಆಲ್ಬಂಗೆ ಆರಿಸಿದ್ದು ಮಾತ್ರ ಟಿಫ್‌ನಲ್ಲಿ ಇಡಬಹುದು. ಏನೇ ಆಗಲಿ, ಕ್ಯಾಮೆರಾದ ಮೂಲ ಫೈಲ್ ಅಳಿಸಬೇಡಿ.

ಮೊಬೈಲ್‌ನಲ್ಲಿ ಎಡಿಟ್ ಮಾಡುವವರಿಗೆ

ಐಫೋನ್ ಎಡಿಟ್ ಮಾಡಿದ ಮೇಲೂ ಮೂಲ ಫೋಟೊ ಇಟ್ಟುಕೊಂಡಿರುತ್ತೆ. ಕೇಬಲ್ ಹಾಕಿ ಕಂಪ್ಯೂಟರ್‌ಗೆ ಕಾಪಿ ಮಾಡಿದಾಗ ಯಾವುದು ಬಂತು ಅಂತ ತೆರೆದು ನೋಡಿ. ಹೆಸರಿನಲ್ಲಿ ನಂಬರ್‌ಗೆ ಮುಂಚೆ ‘ಇ’ ಅಕ್ಷರ ಇರೋದು ಎಡಿಟ್ ಆದದ್ದು. ಗೂಗಲ್ ಫೋಟೋಸ್‌ನಿಂದ ಟೇಕ್‌ಔಟ್ ಮೂಲಕ ತೆಗೆದರೆ ಮೂಲ ಫೋಟೊ ಬೇರೆ, ‘ಎಡಿಟೆಡ್’ ಅಂತ ಇರೋದು ಬೇರೆ ಬರುತ್ತೆ. ಎರಡನ್ನೂ ಇಟ್ಟುಕೊಳ್ಳಿ. ವಾಟ್ಸ್ಯಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಗಾತ್ರ ಕುಗ್ಗುತ್ತೆ, ಡಾಕ್ಯುಮೆಂಟ್ ಆಗಿ ಕಳಿಸಿ.

ಬದಲಿಸೋ ಮುಂಚೆ ಮಾಡಬೇಕಾದ್ದು

1. ಮೂಲ ಫೈಲ್, ಕ್ಯಾಟಲಾಗ್, ಎಕ್ಸ್‌ಎಂಪಿ, ಫಾಂಟ್ ನಾಲ್ಕನ್ನೂ ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ.

2. ಎಡಿಟ್ ಆದ ಫೋಟೊ ಎಲ್ಲಾ ಎಕ್ಸ್‌ಪೋರ್ಟ್ ಮಾಡಿ. ಫೋಲ್ಡರ್‌ಗೆ ವರ್ಷ, ಊರು, ಕಾರ್ಯಕ್ರಮದ ಹೆಸರು ಕೊಡಿ.

3. ಹಳೇ ಸಾಫ್ಟ್‌ವೇರ್ ಇಲ್ಲದ ಬೇರೆ ಕಂಪ್ಯೂಟರ್‌ನಲ್ಲಿ ಬೇರೆ ಬೇರೆ ವರ್ಷದ ಹತ್ತು ಫೋಟೊ ತೆರೆದು ನೋಡಿ. ಬಣ್ಣ, ಕ್ರಾಪ್, ಅಕ್ಷರ ಸರಿ ಇದ್ದರೆ ಮಾತ್ರ ಮುಂದಿನ ಹೆಜ್ಜೆ.

4. ಹೊಸ ಸಾಫ್ಟ್‌ವೇರ್ ಬಂದ ಮೇಲೂ ಕೆಲವು ತಿಂಗಳು ಹಳೇದು ಇರಲಿ.

5. ಇನ್ನೊಂದು ಬ್ಯಾಕಪ್ ಮಾಡಿ ಅಂಗಡಿ ಬಿಟ್ಟು ಬೇರೆ ಜಾಗದಲ್ಲಿಡಿ.

ಗಿರಾಕಿಗಳಿಗೂ ಒಂದು ಮಾತು. ಆಲ್ಬಂ ತಗೊಳ್ಳುವ ದಿನವೇ ಎಡಿಟ್ ಆದ ಫೋಟೊಗಳನ್ನು ಪೂರ್ಣ ಗಾತ್ರದ ಜೆಪೆಗ್‌ನಲ್ಲಿ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ, ಮನೆಯಲ್ಲಿ ಇನ್ನೊಂದು ಕಡೆಯೂ ಕಾಪಿ ಇಡಿ. ಸ್ಟುಡಿಯೊದವರ ಹತ್ರ ಇದ್ದೇ ಇರುತ್ತೆ ಬಿಡಿ ಅಂತ ಸುಮ್ಮನಾದರೆ, ಬೇಕಾದ ದಿನ ಸಿಗದೇ ಹೋಗಬಹುದು.