ಸಣ್ಣ ಆನ್‌ಲೈನ್ ಮಾರಾಟ ಮತ್ತು ಪಾವತಿ ಶುಲ್ಕ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ

ಗ್ರಾಹಕ ಕೊಟ್ಟ ಹಣ ಮಾರಾಟಗಾರನ ಖಾತೆ ಸೇರುವ ಮೊದಲು ಬ್ಯಾಂಕು, ಕಾರ್ಡ್ ಜಾಲ ಹಾಗೂ ಮಧ್ಯವರ್ತಿ ಸಂಸ್ಥೆಗಳು ಹಿಡಿದುಕೊಳ್ಳುವ ಪಾಲಿಗೆ ಪಾವತಿ ಶುಲ್ಕ ಎನ್ನುತ್ತಾರೆ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಮನೆಯಲ್ಲೋ ತೋಟದಲ್ಲೋ ತಯಾರಾದ ಪದಾರ್ಥವನ್ನು ಫೋನಿನ ಮೂಲಕ ದೂರದೂರಿಗೆ ಮಾರುವವರಿಗೆ ಈ ಪಾಲು ಲಾಭದ ಲೆಕ್ಕವನ್ನೇ ಬದಲಿಸಬಲ್ಲದು. 2020ರಿಂದ ಯುಪಿಐ ಪಾವತಿಗೆ ಸಾಮಾನ್ಯವಾಗಿ ವ್ಯಾಪಾರಿ ಶುಲ್ಕವಿಲ್ಲ. ಆದರೂ ಖರ್ಚು ಪೂರ್ತಿ ಹೋಗಿಲ್ಲ. ಅದರ ಒಂದು ಭಾಗ ಮಾರಾಟಗಾರರ ದುಡಿಮೆಯ ರೂಪದಲ್ಲಿ, ಇನ್ನೊಂದು ಭಾಗ ಸರ್ಕಾರದ ಪ್ರೋತ್ಸಾಹಧನದ ರೂಪದಲ್ಲಿ ಉಳಿದಿದೆ.

ಪ್ರದೇಶ ಮತ್ತು ಸರಕು

ಮೂರೂ ತಾಲ್ಲೂಕುಗಳು ಶೃಂಗೇರಿ ವಿಧಾನಸಭಾ ಕ್ಷೇತ್ರದಲ್ಲಿವೆ. ತುಂಗೆ ಮತ್ತು ಭದ್ರೆಯರ ಈ ಸೀಮೆಯ ಮುಖ್ಯ ಬೆಳೆಗಳು ಅಡಿಕೆ, ಕಾಫಿ ಮತ್ತು ಕಾಳುಮೆಣಸು. ಬಾಳೆಹೊನ್ನೂರಿನ ಬಳಿ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಿದೆ. ಅಡಿಕೆಯ ವಹಿವಾಟು ಮಂಡಿ ಹಾಗೂ ಮ್ಯಾಮ್‌ಕೋಸ್‌ನಂಥ ಸಹಕಾರ ಸಂಘಗಳ ಮೂಲಕ ನಡೆಯುವುದರಿಂದ ಆನ್‌ಲೈನ್ ಪಾವತಿ ಶುಲ್ಕದ ಪ್ರಶ್ನೆ ಅಲ್ಲಿ ಅಷ್ಟಾಗಿ ಏಳುವುದಿಲ್ಲ. ಅದು ಏಳುವುದು ಕಾಫಿಪುಡಿ, ಕಾಳುಮೆಣಸು, ಜೇನುತುಪ್ಪ, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ವಾಟೆಹುಳಿ, ಹಾಳೆ ತಟ್ಟೆಗಳಂಥ ಸರಕಿನಲ್ಲಿ, ಮತ್ತು ಹೋಂಸ್ಟೇಗಳ ಮುಂಗಡದಲ್ಲಿ. ಒಂದೊಂದು ಆರ್ಡರಿನ ಮೊತ್ತ ಕೆಲವು ನೂರರಿಂದ ಕೆಲವು ಸಾವಿರ ರೂಪಾಯಿ. ಇಷ್ಟು ಸಣ್ಣ ಮೊತ್ತದಲ್ಲಿ ಸಾಗಣೆ, ಪ್ಯಾಕಿಂಗ್ ಕಳೆದ ಮೇಲೆ ಉಳಿಯುವುದೇ ಕಡಿಮೆ. ಹಾಗಾಗಿ ಶೇ. 2ರ ಕಡಿತವೂ ಲೆಕ್ಕಕ್ಕೆ ಬರುತ್ತದೆ.

ಅಂಚೆಯ ಕಾಲ

ದೂರದ ಗ್ರಾಹಕನಿಂದ ಹಣ ತರಿಸಿಕೊಳ್ಳುವುದಕ್ಕೆ ಖರ್ಚು ಮಾಡಬೇಕಾದದ್ದು ಇಂಟರ್‌ನೆಟ್ಟಿನಿಂದ ಶುರುವಾದದ್ದಲ್ಲ. ಭಾರತೀಯ ಅಂಚೆ 1877ರಲ್ಲಿ ವಿಪಿಪಿಯನ್ನೂ 1880ರಲ್ಲಿ ಮನಿಆರ್ಡರನ್ನೂ ಆರಂಭಿಸಿತು. ವಿಪಿಪಿಯಲ್ಲಿ ಅಂಚೆಯವರು ಪಾರ್ಸೆಲ್ ಕೊಡುವಾಗ ಹಣ ಪಡೆದು, ಅದನ್ನು ಕಳುಹಿಸಿದವರಿಗೆ ತಲುಪಿಸುತ್ತಾರೆ. ಮನಿಆರ್ಡರ್ ಕಮಿಷನ್ 20 ರೂಪಾಯಿಗೆ 1 ರೂಪಾಯಿಯಂತೆ ಬಹುಕಾಲ ನಡೆಯಿತು. ಅಂದರೆ ಶೇ. 5. ಈ ಸೀಮೆಯಲ್ಲಿ ಅಂಚೆಯ ಜೊತೆಗೆ ಬಸ್ಸೂ ಪಾರ್ಸೆಲ್ ಒಯ್ಯುತ್ತಿತ್ತು. ಬೆಂಗಳೂರಿನ ನೆಂಟರು, ಪರಿಚಯಸ್ಥರು ಹಣವನ್ನು ಮುಂದಿನ ಸಲ ಊರಿಗೆ ಬಂದಾಗ ಕೊಡುವುದೂ ಇತ್ತು. ಅಂಥ ವ್ಯಾಪಾರದಲ್ಲಿ ಶುಲ್ಕವಿರಲಿಲ್ಲ, ಆದರೆ ಕೊಳ್ಳುವವರು ಗುರುತಿನವರೇ ಆಗಿರಬೇಕಿತ್ತು.

ಶುಲ್ಕದ ರಚನೆ

ಕಾರ್ಡ್ ಪಾವತಿಯಲ್ಲಿ ವ್ಯಾಪಾರಿಯಿಂದ ಕಳೆಯುವ ಮೊತ್ತಕ್ಕೆ ಮರ್ಚೆಂಟ್ ಡಿಸ್ಕೌಂಟ್ ರೇಟ್, ಚಿಕ್ಕದಾಗಿ ಎಂಡಿಆರ್, ಎಂದು ಹೆಸರು. ಇದರಲ್ಲಿ ಮೂರು ಪಾಲುಗಳಿವೆ: ಕಾರ್ಡ್ ಕೊಟ್ಟ ಬ್ಯಾಂಕಿನದು, ವೀಸಾ, ಮಾಸ್ಟರ್‌ಕಾರ್ಡ್, ರುಪೇಯಂಥ ಜಾಲದ್ದು, ವ್ಯಾಪಾರಿಯ ಪರವಾಗಿ ಹಣ ಪಡೆಯುವ ಬ್ಯಾಂಕು ಅಥವಾ ಸಂಸ್ಥೆಯದು. ಸ್ವಂತ ವೆಬ್‌ಸೈಟ್ ಇಟ್ಟುಕೊಂಡವರು ಸಾಮಾನ್ಯವಾಗಿ ರೇಜರ್‌ಪೇ, ಕ್ಯಾಶ್‌ಫ್ರೀ, ಇನ್‌ಸ್ಟಾಮೋಜೋದಂಥ ಪಾವತಿ ಅಗ್ರಿಗೇಟರ್‌ಗಳನ್ನು ಬಳಸುತ್ತಾರೆ. ಈ ಮೂರೂ ಬೆಂಗಳೂರಿನ ಸಂಸ್ಥೆಗಳು. ಸಣ್ಣ ವ್ಯಾಪಾರಿಗೆ ಸಿಗುವ ಸಾಮಾನ್ಯ ದರ ಶೇ. 2ರ ಆಸುಪಾಸಿನಲ್ಲಿದ್ದು, ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ. ಹಾಗೆ ಒಟ್ಟು ಶೇ. 2.36.

ಉದಾಹರಣೆಗೆ 2,500 ರೂಪಾಯಿಯ ಆರ್ಡರಿನಲ್ಲಿ ಶುಲ್ಕ 50, ಜಿಎಸ್‌ಟಿ 9, ಒಟ್ಟು 59 ರೂಪಾಯಿ ಕಳೆದು 2,441 ಖಾತೆಗೆ ಬರುತ್ತದೆ. ಹಳೆಯ ಮನಿಆರ್ಡರ್ ದರದಲ್ಲಾದರೆ ಕಮಿಷನ್ 125 ರೂಪಾಯಿ. ಗ್ರಾಹಕ ನೇರವಾಗಿ ಯುಪಿಐ ಮಾಡಿದರೆ ಕಡಿತವಿಲ್ಲ.

ಶೇಕಡಾವಾರು ದರದ ಮೇಲೆ ಪ್ರತಿ ವಹಿವಾಟಿಗೆ ನಿಗದಿತ ರೂಪಾಯಿಯೂ ಸೇರಿದರೆ ಸಣ್ಣ ಆರ್ಡರಿಗೆ ಹೊರೆ ಹೆಚ್ಚು. ಶೇ. 2ರ ಜೊತೆ 3 ರೂಪಾಯಿ ಎಂದಿಟ್ಟುಕೊಂಡರೆ, 150 ರೂಪಾಯಿಯ ಹಪ್ಪಳದ ಕಟ್ಟಿಗೆ 6 ರೂಪಾಯಿ ಹೋಗುತ್ತದೆ, ಅದು ಶೇ. 4.

ನಿಯಮಗಳು

ಡೆಬಿಟ್ ಕಾರ್ಡಿನ ಎಂಡಿಆರ್‌ಗೆ ರಿಸರ್ವ್ ಬ್ಯಾಂಕ್ 2012ರಲ್ಲಿ ಮಿತಿ ಹಾಕಿತು. 2018ರ ಜನವರಿ 1ರಿಂದ ಆ ಮಿತಿಯನ್ನು ವ್ಯಾಪಾರಿಯ ಗಾತ್ರಕ್ಕೆ ಹೊಂದಿಸಲಾಯಿತು. ಹಿಂದಿನ ವರ್ಷ 20 ಲಕ್ಷ ರೂಪಾಯಿವರೆಗೆ ವಹಿವಾಟು ಇದ್ದವರಿಗೆ ಗರಿಷ್ಠ ಶೇ. 0.40, ಉಳಿದವರಿಗೆ ಶೇ. 0.90. ಈ ಶುಲ್ಕವನ್ನು ಗ್ರಾಹಕರ ಮೇಲೆ ಹೇರದಂತೆ ನೋಡಿಕೊಳ್ಳಲು ಬ್ಯಾಂಕುಗಳಿಗೆ ಸೂಚಿಸಲಾಯಿತು. ಕ್ರೆಡಿಟ್ ಕಾರ್ಡಿಗೆ ಇಂಥ ಮಿತಿಯಿಲ್ಲ.

2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡ್ ಮತ್ತು ಯುಪಿಐಗೆ ಎಂಡಿಆರ್ ಶೂನ್ಯವಾಯಿತು. ಈ ವಿನಾಯಿತಿಗೆ ಪೂರ್ತಿ ಒಳಪಡದ ಕೆಲವು ಬಗೆಗಳೂ ಇವೆ. 2022ರಲ್ಲಿ ಬಂದ ರುಪೇ ಕ್ರೆಡಿಟ್ ಕಾರ್ಡಿನ ಯುಪಿಐ ಪಾವತಿಯಲ್ಲಿ ಸಣ್ಣ ವ್ಯಾಪಾರಿಗಳಿಗೆ 2,000 ರೂಪಾಯಿವರೆಗೆ ಮಾತ್ರ ಶುಲ್ಕವಿಲ್ಲ. 2023ರ ಏಪ್ರಿಲ್‌ನಿಂದ ವ್ಯಾಲೆಟ್ ಹಣದಿಂದ ಮಾಡುವ 2,000 ರೂಪಾಯಿ ಮೀರಿದ ವ್ಯಾಪಾರಿ ಪಾವತಿಗೆ ಶೇ. 1.1ರವರೆಗೆ ಅಂತರಬ್ಯಾಂಕ್ ಶುಲ್ಕವಿದೆ. ಎಂಡಿಆರ್ ಇಲ್ಲದಿದ್ದರೂ ಅಗ್ರಿಗೇಟರ್ ತನ್ನ ತಂತ್ರಜ್ಞಾನ ಸೇವೆಗೆ ಬೇರೆ ಶುಲ್ಕ ಕೇಳಬಹುದು. ಅದಕ್ಕೇ ವೆಬ್‌ಸೈಟಿನಲ್ಲಿ ಬಂದ ಯುಪಿಐ ಪಾವತಿಯಲ್ಲಿ ಕಡಿತ ಕಂಡು ಮಾರಾಟಗಾರರು ಗಲಿಬಿಲಿಗೊಳ್ಳುವುದುಂಟು.

ಅಗ್ರಿಗೇಟರ್‌ಗಳು ರಿಸರ್ವ್ ಬ್ಯಾಂಕಿನ 2020ರ ಮಾರ್ಚ್ 17ರ ಮಾರ್ಗಸೂಚಿಯಿಂದ ನೇರ ನಿಯಂತ್ರಣಕ್ಕೆ ಬಂದವು. ವ್ಯಾಪಾರಿಗಳ ಹಣವನ್ನು ಅವು ತಮ್ಮ ಹಣದಿಂದ ಬೇರೆಯಾಗಿ ಬ್ಯಾಂಕಿನ ಎಸ್ಕ್ರೊ ಖಾತೆಯಲ್ಲಿಡಬೇಕು. 2,000 ರೂಪಾಯಿವರೆಗಿನ ಕಾರ್ಡ್ ಪಾವತಿಯ ಸೇವೆಗಿರುವ ಜಿಎಸ್‌ಟಿ ವಿನಾಯಿತಿ ಇಂಥ ಅಗ್ರಿಗೇಟರ್‌ಗಳಿಗೂ ಅನ್ವಯಿಸುತ್ತದೆ ಎಂದು 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸ್ಪಷ್ಟಪಡಿಸಿತು. ಹಣದ ಸೆಟ್ಲ್‌ಮೆಂಟ್ ಮಾಡದ ಗೇಟ್‌ವೇ ಸೇವೆಗಳಿಗೆ ಅದು ಸಿಗದು.

ಮಾರಾಟಗಾರರ ಕ್ರಮಗಳು

ನೇರ ಯುಪಿಐ. ವಾಟ್ಸ್ಯಾಪ್‌ನಲ್ಲಿ ಆರ್ಡರ್ ಪಡೆದು, ಕ್ಯೂಆರ್ ಕೋಡ್ ಅಥವಾ ಫೋನ್ ನಂಬರ್ ಕಳುಹಿಸಿ, ಹಣ ಬಂದ ಮೇಲೆ ಪಾರ್ಸೆಲ್ ಹಾಕುವುದು ಸಣ್ಣವರ ಸಾಮಾನ್ಯ ದಾರಿ. ಶುಲ್ಕವಿಲ್ಲ, ಹಣವೂ ಕೂಡಲೇ ಖಾತೆಗೆ ಬರುತ್ತದೆ. ಆದರೆ ಯಾರ ಹಣ ಯಾವ ಆರ್ಡರಿನದು ಎಂದು ಕೈಯಾರೆ ತಾಳೆ ನೋಡಬೇಕು. ಸ್ಕ್ರೀನ್‌ಶಾಟ್ ನಕಲಿಯೂ ಆಗಿರಬಹುದಾದ್ದರಿಂದ ಖಾತೆಯಲ್ಲಿ ವಹಿವಾಟಿನ ಗುರುತಾದ ಯುಟಿಆರ್ ನಂಬರ್ ನೋಡಿಯೇ ಪಾರ್ಸೆಲ್ ಕಟ್ಟುವುದು ಸುರಕ್ಷಿತ. ಮಳೆಗಾಲದಲ್ಲಿ ಕರೆಂಟು ಹೋಗಿ ಟವರ್ ನಿಂತರೆ ಆ ತಾಳೆಯೂ ಮರುದಿನಕ್ಕೆ. ದಿನಕ್ಕೆ ನಾಲ್ಕಾರು ಆರ್ಡರ್ ಇರುವ ತನಕ ಇದು ಮನೆಮಂದಿಯ ಕೈಯಲ್ಲೇ ಆಗುವ ಕೆಲಸ. ಹಬ್ಬದ ಹೊತ್ತಿಗೆ ಆರ್ಡರ್ ಏರಿದಾಗ ಉಳಿಸಿದ ಶೇ. 2ಕ್ಕಿಂತ ತಾಳೆ ನೋಡುವ ಹೊತ್ತೇ ದುಬಾರಿಯಾಗುತ್ತದೆ.

ಮಿಶ್ರ ಕ್ರಮ. ಗುರುತಿನ ಗ್ರಾಹಕರಿಗೆ ನೇರ ಯುಪಿಐ, ಹೊಸಬರಿಗೆ ಹಾಗೂ ಕಾರ್ಡ್ ಬೇಕೆನ್ನುವವರಿಗೆ ಅಗ್ರಿಗೇಟರ್‌ನ ಪೇಮೆಂಟ್ ಲಿಂಕ್ ಕೊಡುವುದು. ಶುಲ್ಕ ಅಗತ್ಯವಿದ್ದಲ್ಲಿ ಮಾತ್ರ ತಗಲುತ್ತದೆ.

ಬೆಲೆಯಲ್ಲಿ ಸೇರಿಸುವುದು. ಪ್ರತ್ಯೇಕ ಶುಲ್ಕ ತೋರಿಸಿದರೆ ಗ್ರಾಹಕರು ಹಿಂಜರಿಯುವುದರಿಂದ ಅದನ್ನು ಬೆಲೆಯೊಳಗೇ ಕೂಡಿಸುತ್ತಾರೆ. 2,500 ರೂಪಾಯಿಗೆ ಶೇ. 2.36 ಸೇರಿಸಿ 2,559 ಎಂದಿಟ್ಟರೆ ಲೆಕ್ಕ ತುಸು ತಪ್ಪುತ್ತದೆ, ಏಕೆಂದರೆ ಕಡಿತವಾಗುವುದು ಏರಿಸಿದ ಬೆಲೆಯ ಮೇಲೆ. ಕೈಗೆ 2,500 ಬರಬೇಕಾದರೆ ಅದನ್ನು 0.9764ರಿಂದ ಭಾಗಿಸಬೇಕು, ಸಿಗುವುದು ಸುಮಾರು 2,560.

ಕನಿಷ್ಠ ಆರ್ಡರ್. ನಿಗದಿತ ರೂಪಾಯಿಯ ಹೊರೆ ಹಗುರಾಗಲು ಹಪ್ಪಳ, ಉಪ್ಪಿನಕಾಯಿ, ಕಾಫಿಪುಡಿಗಳನ್ನು ಒಂದೇ ಕಟ್ಟಾಗಿ ಮಾರುವುದು. ಇದರಿಂದ ಸಾಗಣೆಯ ಖರ್ಚೂ ಹಂಚಿಹೋಗುತ್ತದೆ.

ಕ್ಯಾಶ್ ಆನ್ ಡೆಲಿವರಿ. ವಿಪಿಪಿಯ ಈ ಹೊಸ ರೂಪದಲ್ಲಿ ಕೊರಿಯರ್ ಸಂಸ್ಥೆ ಹಣ ವಸೂಲಿಗೆ ಬೇರೆ ಶುಲ್ಕ ಹಿಡಿಯುತ್ತದೆ, ಹಣ ಕೈಸೇರಲು ದಿನಗಳು ಬೇಕು. ಗ್ರಾಹಕ ಬೇಡವೆಂದರೆ ಹೋಗಿಬಂದ ಸಾಗಣೆಯ ಖರ್ಚೂ ಮಾರಾಟಗಾರನದೇ. ತೇವ ಎಳೆದ ಹಪ್ಪಳ ಮತ್ತೆ ಮಾರಲು ಬಾರದು. ಹಾಗಾಗಿ ಆಹಾರ ಪದಾರ್ಥಕ್ಕೆ ಮುಂಗಡ ಪಾವತಿಯನ್ನೇ ಕೇಳುವುದು ಲಾಭಕರ.

ಮಾರುಕಟ್ಟೆ ತಾಣಗಳು. ಅಮೆಜಾನ್, ಫ್ಲಿಪ್‌ಕಾರ್ಟ್‌ಗಳಲ್ಲಿ ಪಾವತಿಯ ಖರ್ಚು ಕಮಿಷನ್ ಮತ್ತಿತರ ಶುಲ್ಕಗಳೊಳಗೆ ಬೆರೆತಿರುತ್ತದೆ. ಇದರ ಜೊತೆ ಜಿಎಸ್‌ಟಿ ಕಾಯ್ದೆಯಡಿ ತಾಣವು ಮೂಲದಲ್ಲಿ ಸಂಗ್ರಹಿಸುವ ತೆರಿಗೆಯೂ ಇದೆ; 2024ರ ಜುಲೈ 10ರಿಂದ ಅದರ ದರ ಶೇ. 1ರಿಂದ 0.5ಕ್ಕೆ ಇಳಿಯಿತು. ಇದು ಶುಲ್ಕವಲ್ಲ, ಮುಂದೆ ತೆರಿಗೆಗೆ ಹೊಂದಿಸಿಕೊಳ್ಳಬಹುದಾದ ಹಣ. ಹೋಂಸ್ಟೇಗಳಿಗೆ ಬುಕಿಂಗ್ ತಾಣಗಳ ಕಮಿಷನ್ ಪಾವತಿ ಶುಲ್ಕದ ಹಲವು ಪಟ್ಟು. ಹೀಗಾಗಿ ಒಮ್ಮೆ ಬಂದುಹೋದ ಅತಿಥಿಗಳಿಂದ ಮುಂದಿನ ಸಲ ನೇರವಾಗಿ ಮುಂಗಡ ಪಡೆಯುವುದು ರೂಢಿ.

ವಿದೇಶದಿಂದ ಬರುವ ಹಣ

ಹೊರದೇಶದಲ್ಲಿರುವ ಮಲೆನಾಡಿಗರು ಊರಿನ ನೆಂಟರಿಗಾಗಿ ಆರ್ಡರ್ ಕೊಟ್ಟು ಅಲ್ಲಿನ ಕಾರ್ಡಿನಿಂದ ಹಣ ಕೊಡುವಾಗ ಶುಲ್ಕ ಹೆಚ್ಚು, ಜೊತೆಗೆ ಕರೆನ್ಸಿ ಪರಿವರ್ತನೆಯ ಖರ್ಚು ಬೇರೆ. ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿ ಸೇವೆ ನಿಲ್ಲಿಸಿ, ಗಡಿಯಾಚೆಯ ಪಾವತಿಯನ್ನಷ್ಟೇ ಉಳಿಸಿಕೊಂಡಿತು. ಗಡಿಯಾಚೆಗಿನ ಅಗ್ರಿಗೇಟರ್‌ಗಳಿಗೆ ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್ 31ರಂದು ಪ್ರತ್ಯೇಕ ನಿಯಮ ತಂದಿತು. ಇಲ್ಲಿನ ಬ್ಯಾಂಕ್ ಖಾತೆ ಉಳಿಸಿಕೊಂಡವರು ಅದರಿಂದಲೇ ಪಾವತಿಸಿದರೆ ಈ ಹೊರೆ ತಪ್ಪುತ್ತದೆ.

ತೆರಿಗೆ ಮತ್ತು ಲೆಕ್ಕಪತ್ರ

ಖಾತೆಗೆ ಬಂದ 2,441 ರೂಪಾಯಿಯನ್ನೇ ಮಾರಾಟವೆಂದು ಬರೆಯುವುದು ಸಾಮಾನ್ಯ ತಪ್ಪು. ಮಾರಾಟ 2,500, ಖರ್ಚು 59 ಎಂದು ಎರಡನ್ನೂ ತೋರಿಸಬೇಕು. ಜಿಎಸ್‌ಟಿ ನೋಂದಣಿಯಾಗಿ ಸಾಮಾನ್ಯ ಕ್ರಮದಲ್ಲಿ ತೆರಿಗೆ ಕಟ್ಟುವವರು ತೆರಿಗೆಯುಳ್ಳ ಸರಕಿನ ಮಟ್ಟಿಗೆ ಆ 9 ರೂಪಾಯಿಯನ್ನು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ ಪಡೆಯಬಹುದು. ನೋಂದಣಿಯಿಲ್ಲದವರಿಗೂ ಕಾಂಪೊಸಿಷನ್ ಕ್ರಮದವರಿಗೂ ಅದು ಸಿಗದು. ಕರ್ನಾಟಕದಲ್ಲಿ ಸರಕಿಗೆ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ. ತೆರಿಗೆಯುಳ್ಳ ಸರಕನ್ನು ಹೊರರಾಜ್ಯಕ್ಕೆ ಮಾರುವವರಿಗೆ ಸಾಮಾನ್ಯವಾಗಿ ಈ ಮಿತಿಯ ರಕ್ಷಣೆಯಿಲ್ಲ. ಕೊಪ್ಪದಿಂದ ಬೆಂಗಳೂರಿಗೆ ಉಪ್ಪಿನಕಾಯಿ ಕಳುಹಿಸುವುದೂ ಮುಂಬಯಿಗೆ ಕಳುಹಿಸುವುದೂ ಇಲ್ಲಿ ಬೇರೆಯಾಗುತ್ತವೆ.

ಆದಾಯ ತೆರಿಗೆಯಲ್ಲಿ ಡಿಜಿಟಲ್ ಪಾವತಿಗೆ ಅನುಕೂಲವಿದೆ. 1961ರ ಕಾಯ್ದೆಯ 44ಎಡಿ ವಿಧಿಯ ಅಂದಾಜು ಲಾಭದ ಕ್ರಮದಲ್ಲಿ ನಗದು ಮಾರಾಟಕ್ಕೆ ಶೇ. 8, ಬ್ಯಾಂಕಿನ ಮೂಲಕ ಬಂದದ್ದಕ್ಕೆ ಶೇ. 6 ಲಾಭ ಎಂದು ಹಿಡಿಯಲಾಯಿತು.

2025ರ ಬೆಳವಣಿಗೆಗಳು

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆ ಯುಪಿಐ ಮಾಹಿತಿಯ ಆಧಾರದಲ್ಲಿ, ಜಿಎಸ್‌ಟಿ ಮಿತಿ ಮೀರಿದರೂ ನೋಂದಣಿ ಮಾಡಿಸದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿತು. ಬೆಂಗಳೂರಿನ ಅನೇಕ ಅಂಗಡಿಗಳು ಕ್ಯೂಆರ್ ಕೋಡ್ ತೆಗೆದು ನಗದಿಗೆ ಮರಳಿದವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳೊಂದಿಗೆ ಸಭೆ ನಡೆಸಿ, ಹಳೆಯ ಬಾಕಿಯ ವಿಷಯದಲ್ಲಿ ರಿಯಾಯಿತಿಯ ಭರವಸೆ ಕೊಟ್ಟರು. ಅಂಗಡಿಯವರಿಗೆ ನಗದಿನ ದಾರಿಯಾದರೂ ಇತ್ತು. ದೂರದ ಗ್ರಾಹಕರನ್ನೇ ನಂಬಿದ ಆನ್‌ಲೈನ್ ಮಾರಾಟಗಾರರಿಗೆ ಅದಿಲ್ಲ. ಖಾತೆಗೆ ಬಂದ ಹಣವೆಲ್ಲ ವಹಿವಾಟಾಗಿ ಕಾಣುವುದರಿಂದ ಮನೆಯ ಖಾತೆ ಮತ್ತು ವ್ಯಾಪಾರದ ಖಾತೆ ಬೇರೆ ಇಡುವುದು ಅಗತ್ಯವಾಯಿತು.

ಅದೇ ವರ್ಷ ಮಾರ್ಚ್ 19ರಂದು ಕೇಂದ್ರ ಸಂಪುಟ, ಸಣ್ಣ ವ್ಯಾಪಾರಿಗಳು ಪಡೆಯುವ 2,000 ರೂಪಾಯಿವರೆಗಿನ ಯುಪಿಐ ಪಾವತಿಗೆ ಬ್ಯಾಂಕು ಮತ್ತಿತರ ಸಂಸ್ಥೆಗಳಿಗೆ ಶೇ. 0.15 ಪ್ರೋತ್ಸಾಹಧನ ಕೊಡಲು 2024-25ನೇ ಸಾಲಿಗೆ ಸುಮಾರು 1,500 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿತು. ಯುಪಿಐಗೆ ಮತ್ತೆ ಎಂಡಿಆರ್ ಬರುತ್ತದೆಂಬ ಸುದ್ದಿಯನ್ನು ಹಣಕಾಸು ಸಚಿವಾಲಯ ಜೂನ್ 11ರಂದು ಅಲ್ಲಗಳೆಯಿತು. ಶುಲ್ಕವಿಲ್ಲದ ಪಾವತಿ ನಿಂತಿರುವುದು ಈ ನೀತಿಯ ಮೇಲೆ. ಅದು ಬದಲಾದರೆ ಬೆಲೆಯಲ್ಲಿ ಶುಲ್ಕ ಕೂಡಿಸದೆ ಮಾರುತ್ತಿರುವವರು ತಮ್ಮ ದರಪಟ್ಟಿಯನ್ನು ಮೊದಲಿನಿಂದ ಲೆಕ್ಕ ಹಾಕಬೇಕಾಗುತ್ತದೆ.